ಅಕ್ಕೋರು ಕಲಿಸಿದ ಜನಾಂತಿಕ

ಮುದ್ದೇಬಿಹಾಳ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಬುಡಕ್ಕೆ ಟೇಬಲ್ ಹಾಕಿಕೊಂಡು ಒಬ್ಬ ಟೈಪಿಸ್ಟ್ ಕೂರುತ್ತಾನೆ. ಹೋದ ವಾರ ಅವನು ತನ್ನ ಮಷಿನ್ನಿನ ಸಂದುಗಳಿಗೆ ಎಣ್ಣೆ ಬಿಡುತ್ತಿದ್ದಾಗ ಪಕ್ಕದ ಶರಬತ್ತಿನ ಗಾಡಿಯವನು ನಿಂಬೆಹಣ್ಣು ಹಿಂಡುತ್ತಿದ್ದ. ಎಣ್ಣೆ, ರಿಬ್ಬನ್ನಿನ ಮಸಿ, ನಿಂಬೆಯ ಹುಳಿ ಮೂರೂ ಸೇರಿ ಮೂಗಿಗೆ ಬಂದವು. ನನ್ನ ಕಕ್ಷಿದಾರ ಹೊಲದ ಬದುವಿನ ಜಗಳ ಹೇಳುತ್ತಲೇ ಇದ್ದ. ನಾನು ಕೇಳುವುದನ್ನು ಬಿಟ್ಟಿದ್ದೆ. ವಾಸನೆಯೊಂದು ಮನುಷ್ಯರನ್ನು ಎತ್ತಿ ಹಳೆಯ ಕಾಲಕ್ಕೆ ಒಗೆಯುತ್ತದೆ ಎಂದು ಯಾರಾದರೂ ಬರೆದರೆ ನಾನು ನಗುವವಳು. ಅವತ್ತು ನಗಲಿಲ್ಲ...

ಇಂಡಿ ಬಸ್‌ಸ್ಟ್ಯಾಂಡಿನ ಎದುರು ನಿಂಬೆಹಣ್ಣಿನ ಅಡತಿ ಅಂಗಡಿಯೊಂದಿತ್ತು. ಕೆಳಗೆ ಹಣ್ಣಿನ ರಾಶಿ, ಹರಾಜಿನ ಕೂಗು, ಚೀಲ ಹೊಲಿಯುವ ಹಮಾಲರು. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಅಕ್ಕೋರ ಟೈಪಿಂಗ್ ಕ್ಲಾಸು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನನಗೆ ಪಿಯುಸಿ ಮೊದಲ ವರ್ಷ ಮುಗಿದ ಬೇಸಿಗೆ ಸೂಟಿ. ಆಗ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಯಾವ ವಿಷಯ ಕೊಟ್ಟರೂ ಪರವಾಗಿ ಮಾತಾಡುತ್ತಿದ್ದೆ, ಹೇಳಿದರೆ ವಿರೋಧವಾಗಿಯೂ ಮಾತಾಡುತ್ತಿದ್ದೆ. ಮನೆಯಲ್ಲಿ ಮಾತ್ರ ಸದಾ ವಿರೋಧ. “ಇಕಿ ಬಾಯಿ ಹೆಂಗೂ ಓಡ್ತೈತಿ, ಕೈನೂ ಒಂದೀಟು ಓಡ್ಲಿ,” ಎಂದು ಅಪ್ಪ ನನ್ನನ್ನು ಆ ಮೆಟ್ಟಿಲು ಹತ್ತಿಸಿದ.

ಅಕ್ಕೋರಿಗೆ ನಲವತ್ತು ದಾಟಿರಬೇಕು. ಮದುವೆಯಾಗಿರಲಿಲ್ಲ. ಮನೆಯೊಳಗೆ ಮರಾಠಿ, ಬೀದಿಗೆ ಬಂದರೆ ಕನ್ನಡ ಆಡುವ ವೈಷ್ಣವರ ಮನೆತನ. ಬೆರಳ ತುದಿ ಯಾವಾಗಲೂ ಮಸಿಯಾಗಿರುತ್ತಿದ್ದುದರಿಂದ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದರು. ಕೀಗಳ ಮೇಲೆ ಬೆರಳು ಕೂತ ಮೇಲೆ ಎಲ್ಲರಿಗೂ ಕಚೇರಿ ಪತ್ರಗಳನ್ನು ಕೊಡುವುದು ರೂಢಿ. ಅಕ್ಕೋರು ನನ್ನ ಮುಂದೆ ಇಟ್ಟದ್ದು ರಟ್ಟು ಕಿತ್ತುಹೋದ ಒಂದು ಪುಸ್ತಕ. ಹಳೆಯ ಸಂಸ್ಕೃತ ನಾಟಕವೊಂದರ ಕನ್ನಡ ರೂಪ. ಒಬ್ಬ ರಾಜ, ಅವನಿಗಾಗಿ ಕಾಯುವ ನಾಯಿಕೆ, ಅವಳ ಸಖಿ, ತಿನ್ನುವುದರಲ್ಲೇ ಧ್ಯಾನವಿರುವ ವಿದೂಷಕ.

“ಇದ್ಯಾಕ್ರಿ ಅಕ್ಕೋರ? ಪರೀಕ್ಷಾದಾಗ ‘ಮಾನ್ಯರೇ, ತಮ್ಮ ಪತ್ರ ತಲುಪಿತು’ ಅಂತ ಬರ್ತೈತಿ. ರಾಜಾ ರಾಣಿ ಬರೂದಿಲ್ಲ.”

“ಮಾನ್ಯರೇ ಹೊಡಿಲಿಕ್ಕೆ ಮಂಗ್ಯಾನೂ ಕಲೀತದ. ಈ ಒತ್ತಕ್ಷರ ಹೊಡದು ತೋರ್ಸು, ಆಮ್ಯಾಲೆ ವಾದ ಮಾಡು.”

ಹೊಡೆದು ನೋಡಿದೆ. ಬೆರಳು ಅತ್ತವು. ಒಂದು ಶಬ್ದಕ್ಕೆ ಎರಡು ಸಲ ಎಡವುತ್ತಿದ್ದೆ. ಎಡವಿದ ಪುಟವನ್ನು ಅಕ್ಕೋರು ರೋಲರಿನಿಂದ ಎಳೆದು, ಹೊಸ ಹಾಳೆ ತುರುಕುತ್ತಿದ್ದರು. ಶಬ್ದದ ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ. “ತಡಿ, ತಾನ ಸಿಗ್ತದ,” ಅನ್ನುವರು. ಕೆಳಗೆ ಹರಾಜು ಏರಿ ಗದ್ದಲ ಮೆಟ್ಟಿಲು ಹತ್ತಿ ಬಂದಾಗ ಒಂದು ಬೆರಳೆತ್ತಿ, “ಕೇಳ್ರೆಪಾ, ನೇಪಥ್ಯದಾಗ ಕೋಲಾಹಲ!” ಎಂದರು. ಧ್ವನಿ ಬರುತ್ತದೆ, ಮುಖ ಕಾಣುವುದಿಲ್ಲ. ನೇಪಥ್ಯ ನನಗೆ ಸಿಕ್ಕದ್ದು ಹಾಗೆ. ಅವತ್ತಿನಿಂದ ಕೆಳಗಿನ ಹಮಾಲರು ಬೈದಾಡಿದಾಗಲೆಲ್ಲ ನಮ್ಮಲ್ಲೊಬ್ಬ, “ಅಕ್ಕೋರ, ನೇಪಥ್ಯದಾಗ ಇವತ್ತು ಅವ್ವ ಅಪ್ಪ ಎಲ್ಲಾ ಬರಾಕತ್ತಾರ್ರಿ,” ಅನ್ನುತ್ತಿದ್ದ.

ಉತ್ಕಂಠೆ ಎಂಬ ಶಬ್ದದ ಹತ್ತಿರ ನಾನು ಬಹಳ ಹೊತ್ತು ಸಿಕ್ಕಿಬಿದ್ದೆ. ಅಕ್ಕೋರು ಕಿಟಕಿಗೆ ಕರೆದರು. ಎದುರಿಗೆ ಬಸ್‌ಸ್ಟ್ಯಾಂಡು, ಮಂದಿ, ಗಂಟುಮೂಟೆ.

“ಹೊರ್ತಿ ಬಸ್ಸು ಬರೂ ಹೊತ್ತಾತು. ಮಂದಿ ಕುತ್ತಿಗಿ ನೋಡು.”

ದೂರದಲ್ಲಿ ಹಾರ್ನು ಕೇಳಿದ್ದೇ ತಡ, ನಿಂತವರ ಕುತ್ತಿಗೆಗಳೆಲ್ಲ ಒಮ್ಮೆಗೇ ಎದ್ದವು.

“ಕಂಠ ಮ್ಯಾಲೆ ಎದ್ದದಲ್ಲ? ಅದ ಉತ್ಕಂಠಾ.”

“ಬಸ್ಸಿಗೆ ಟೈಮ್ ಐತೆಲ್ರಿ ಅಕ್ಕೋರ. ಬರ್ತೈತಿ ಅಂತ ಗೊತ್ತಿದ್ದ ಮ್ಯಾಲೆ ಕುತ್ತಿಗಿ ಯಾಕ ಎತ್ತಬೇಕು?”

“ಗೊತ್ತಿದ್ರೂ ಏಳ್ತದ, ಬರೂದಿಲ್ಲ ಅಂತ ಗೊತ್ತಿದ್ರೂ ಏಳ್ತದ. ಅದಕ್ಕ ಅಲ್ಲೇನು, ಒಂದು ಶಬ್ದ ಬೇಕಾಗಿದ್ದು?”

ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಆದರೆ ಶಬ್ದ ಮತ್ತೆ ತಪ್ಪಲಿಲ್ಲ.

ಅಕ್ಕೋರಿಗೆ ಒಬ್ಬ ಅಣ್ಣ, ನಾಲತವಾಡದವರು. ಆಗಾಗ ಬರುತ್ತಿದ್ದರು. ಕೆಟ್ಟವರೇನಲ್ಲ, ಬಂದಾಗಲೆಲ್ಲ ಕೈಚೀಲದಲ್ಲಿ ತಂಗಿಗೆ ಶೇಂಗಾ ಹೋಳಿಗೆ ಇರುತ್ತಿತ್ತು. ಆದರೆ ಕೂರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಮುಸುಕು ತೆಗೆಯದ ಮಷಿನ್ನುಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದರು. ಆ ಮುಸುಕುಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದವು, ಅದು ನಿಜ. ರಸ್ತೆಯಾಚೆ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು.

“ಇನ್ನ ಸಾಕ ಮಾಡು. ನಿನ್ನ ವಹಿನಿಗೆ ಮೊಣಕಾಲು ಹಿಡದಾವ, ಮನಿಯೊಳಗ ಒಬ್ಬರು ಬೇಕು. ಇಲ್ಲಿ ಒಬ್ಬಾಕಿನ ಕೂತು ಯಾರಿಗೆ ಕಲಸ್ತಿ?”

“ಈ ಬ್ಯಾಚ್ ಮುಗೀಲಿ ಅಣ್ಣಾ.”

“ಹೋದ ಸಲಾನೂ ಇದನ್ನ ಅಂದಿದ್ದಿ.”

“ಹೋದ ಸಲದ ಬ್ಯಾಚ್ ಬ್ಯಾರೆ ಅಲ್ಲೇನು?”

ಅಣ್ಣನಿಗೆ ನಗು ಬರುತ್ತಿತ್ತು, ಹೊರಟುಹೋಗುತ್ತಿದ್ದರು. ಅತ್ತಿಗೆಯ ಮೊಣಕಾಲಿಗೂ ಅಕ್ಕೋರ ಮಷಿನ್ನಿಗೂ ಏನು ಸಂಬಂಧ ಎಂದು ಎದ್ದು ನಿಂತು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಒಮ್ಮೆ ಬಾಯಿ ತೆರೆದೂ ಇದ್ದೆ. ಅಕ್ಕೋರು ಕಣ್ಣಲ್ಲೇ ಕೂರಿಸಿದರು. ಆ ಕೋಣೆ ಬಿಟ್ಟು ಹೋಗುವ ಮನಸ್ಸು ಅವರಿಗಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನನ್ನದೂ ಅವರದೂ ದೊಡ್ಡ ಜಗಳ ಆದದ್ದು ಕಂಸದೊಳಗಿನ ಒಂದು ಶಬ್ದಕ್ಕೆ. ಜನಾಂತಿಕ. ರಂಗದ ಮೇಲೆ ನಾಲ್ಕು ಜನ ಇರುವಾಗ ಇಬ್ಬರು ತಮ್ಮೊಳಗೇ ಮಾತಾಡಿಕೊಳ್ಳುವ ಮಾತು. ಉಂಗುರದ ಬೆರಳನ್ನು ಮಡಚಿ, ಉಳಿದ ಬೆರಳು ನೆಟ್ಟಗೆ ಮಾಡಿ ಕೈ ಅಡ್ಡ ಹಿಡಿದರೆ ಆಯಿತು. ಆ ಮಾತು ಉಳಿದವರಿಗೆ ಕೇಳಿಸುವುದಿಲ್ಲ ಎಂದು ಲೆಕ್ಕ. ಅಕ್ಕೋರು ಕೈ ಹಿಡಿದು ತೋರಿಸಿದರು.

“ಕಡೀ ಸಾಲಿನ್ಯಾಗ ಕುಂತಾಂವಗ ಕೇಳಸ್ತೈತಿ, ಬಾಜೂಕ ನಿಂತ ರಾಜಾಗ ಕೇಳ್ಸೂದಿಲ್ಲ. ರಾಜಾ ಕಿವುಡ ಏನ್ರಿ?”

ಹುಡುಗರು ಮಷಿನ್ ಬಿಟ್ಟು ನಕ್ಕರು. ನನಗೆ ಹುರುಪೇರಿತು. ಧ್ವನಿ ಹತ್ತಿರದವರಿಗೆ ಮೊದಲು ಮುಟ್ಟುತ್ತದೆ, ಇದು ವಿಜ್ಞಾನ. ಬೆರಳಿನಿಂದ ಧ್ವನಿ ನಿಲ್ಲುವುದಿಲ್ಲ, ಇದು ಅನುಭವ. ನೋಡುವವರನ್ನು ದಡ್ಡರೆಂದು ತಿಳಿದು ಬರೆದ ನಾಟಕ ಇದು, ಇದು ನನ್ನ ತೀರ್ಮಾನ. ಅಕ್ಕೋರು ಎಲ್ಲವನ್ನೂ ಕೇಳಿದರು.

“ಬಾಜೂಕ ನಿಂತವರಿಗೇ ಕೇಳ್ಸೂದಿಲ್ಲ, ಹುಚ್ಚಿ.”

“ಪುರಾವೆ?”

“ಕೊಡ್ತೀನಿ. ಅವಸರ ಮಾಡಬ್ಯಾಡ.”

ನಡುವೆ ಬಸವನ ಬಾಗೇವಾಡಿಯಲ್ಲೊಂದು ಚರ್ಚಾಸ್ಪರ್ಧೆಗೆ ಹೋಗಿ ಬಂದೆ. ಎದುರಾಳಿ ಮುಳವಾಡದ ಕಡೆಯ ಹುಡುಗ, ಮೇಜು ಗುದ್ದಿ ಗುದ್ದಿ ಮಾತಾಡಿದ. ನನ್ನ ಸರದಿ ಬಂದಾಗ, “ಇದು ನೇಪಥ್ಯದ ಕೋಲಾಹಲ. ಸದ್ದಿದೆ, ಮುಖವಿಲ್ಲ,” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಗೆದ್ದ ಕಪ್ಪನ್ನು ಅಕ್ಕೋರ ಮೇಜಿನ ಮೇಲಿಟ್ಟು ಕಥೆ ಹೇಳಿದರೆ ಅವರು ಕಪ್ಪನ್ನು ನೋಡಲೇ ಇಲ್ಲ. “ಶಬ್ದಾ ಸರಿ ಖರ್ಚು ಮಾಡೀದಿ,” ಎಂದರು. ನನ್ನ ಮಷಿನ್ನಿಗೆ ಹೊಸ ಹಾಳೆ ತುರುಕುತ್ತ, “ಆ ಹುಡುಗ ಅತ್ತನೇನು?” ಎಂದರು. ನಾನು ನೋಡಿರಲಿಲ್ಲ.

ಸೂಟಿ ಮುಗಿಯುವ ಹೊತ್ತಿಗೆ ಅಣ್ಣ ಮತ್ತೆ ಬಂದರು. ಈ ಸಲ ಕಟ್ಟಡದ ಮಾಲೀಕರಾದ ಅಡತಿ ಸಾಹುಕಾರರೂ ಜೊತೆಗೆ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಚೀಲ ಒಟ್ಟಲು ಮೇಲಿನ ಕೋಣೆ ಬೇಕಾಗಿತ್ತು. ಬಾಗಿಲ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಯಿತು. ಅಕ್ಕೋರ ತಲೆ ಅಲ್ಲಾಡಿದ್ದು ಕಂಡಿತು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಆಮೇಲೆ ತಿರುಗಿ, ಏನೂ ಆಗದವರ ಹಾಗೆ, “ಬಂದೀರಿ, ಕೂಡ್ರಿ. ಹುಡುಗರು ನಾಟಕ ಓದ್ತಾರ, ಒಂದು ಪ್ರವೇಶ ಕೇಳ್ರಿ,” ಎಂದರು.

ಅಣ್ಣ ಮೊದಲ ಸಲ ಕೂತರು. ಸಾಹುಕಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹುಡುಗನೊಬ್ಬ ರಾಜ. ನಾನು ಸಖಿ, ಪುಸ್ತಕ ನನ್ನ ಕೈಯಲ್ಲಿ. ನಾಯಿಕೆಯ ಮಾತುಗಳನ್ನು ಅಕ್ಕೋರು ಬಾಯಿಪಾಠದಿಂದಲೇ ಹೇಳುತ್ತಿದ್ದರು. ಅದು ನಾನು ಎಡವಿ ಎಡವಿ, ತಪ್ಪಿಲ್ಲದೆ ಬರುವ ತನಕ ಟೈಪ್ ಮಾಡಿದ್ದ ಪುಟ. ಅದರ ಅಲ್ಪವಿರಾಮಗಳೂ ನನಗೆ ಗೊತ್ತಿದ್ದವು. ಅಲ್ಲೊಂದು ಕಡೆ ನಾಯಿಕೆ ಜನಾಂತಿಕದಲ್ಲಿ ಸಖಿಗೆ ಹೇಳುವುದು ರಾಜನ ಹುಸಿಮುನಿಸಿನ ಬಗ್ಗೆ ಒಂದು ಚೇಷ್ಟೆಯ ಮಾತು.

ಅಕ್ಕೋರು ಉಂಗುರದ ಬೆರಳು ಮಡಚಿದರು. ಮಸಿ ಹತ್ತಿದ ಕೈಯನ್ನು ಅಣ್ಣನಿಗೂ ತಮಗೂ ನಡುವೆ ಅಡ್ಡ ಹಿಡಿದರು.

“ಸಖಿ, ಈ ಮಂದಿರವನ್ನು ಬಿಡಲು ನನಗೆ ಮನಸ್ಸಿಲ್ಲ. ಆದರೂ ನಾಳೆ ಹೊರಡುತ್ತೇನೆ. ಒಬ್ಬರಾದರೂ ಇದನ್ನು ಕೇಳಿರಲಿ ಎಂದು ನಿನಗೆ ಹೇಳಿದೆ.”

ಅದೇ ದನಿ, ಅದೇ ಓಟ. ಪುಸ್ತಕದಲ್ಲಿ ಆ ಮಾತು ಇರಲಿಲ್ಲ.

“ವಾಹ್! ಎಷ್ಟು ಶುದ್ಧ ಭಾಷಾ ನೋಡ್ರಿ ಸಾಹುಕಾರ್ರ,” ಎಂದರು ಅಣ್ಣ. ಹೆಮ್ಮೆಯಿಂದಲೇ ಎಂದರು.

“ಹೌದ್ರಿ. ಅಕ್ಕೋರ ಬಾಯಾಗ ಕನ್ನಡ ಬಾಳ ಚಂದ ಐತಿ,” ಎಂದರು ಸಾಹುಕಾರರು.

ಒಂದಕ್ಷರ ಬಿಡದೆ ಇಬ್ಬರೂ ಕೇಳಿದ್ದರು. ಅಕ್ಕೋರು ನನ್ನ ಕಡೆ ನೋಡಿದರು. ಎದುರಾಳಿಯ ಬಾಯಿ ಕಟ್ಟಿದಾಗ ನಮ್ಮಂಥ ಚರ್ಚಾಪಟುಗಳ ತುಟಿಯಂಚಿಗೆ ಬರುತ್ತದಲ್ಲ, ಆ ನಗು ಅಲ್ಲಿತ್ತು. ಕಣ್ಣಲ್ಲಿ ಇರಲಿಲ್ಲ. ನಾನು ಏನಾದರೂ ಹೇಳಬೇಕಾಗಿತ್ತು. ಬರೆಯದ ಮಾತಿಗೆ ಬರೆದ ಉತ್ತರ ಎಲ್ಲಿಂದ ತರಲಿ? ನನ್ನ ಬೆರಳು ಪುಸ್ತಕದ ಮುಂದಿನ ಸಾಲಿನ ಕೆಳಗಿತ್ತು. ಅದನ್ನೇ ಓದಿದೆ. ರಾಜನು ಇತ್ತಲೇ ಬರುತ್ತಿದ್ದಾನೆ, ಎಂದು. ರಾಜನಾದ ಹುಡುಗ ಕೆಮ್ಮಿ ಮುಂದೆ ಬಂದ...

ಮರುದಿನ ಬಾಗಿಲಿಗೆ ಬೀಗ. ಮಷಿನ್ನುಗಳನ್ನು ಸಿಂದಗಿ ಕಡೆಯ ಯಾರೋ ಟೆಂಪೋದಲ್ಲಿ ಹೇರಿಕೊಂಡು ಹೋದರಂತೆ. ಸ್ವಲ್ಪ ದಿನಕ್ಕೆ ಆ ಕಿಟಕಿಯ ತನಕ ನಿಂಬೆ ಚೀಲ ತುಂಬಿದವು. ಪುಸ್ತಕವನ್ನು ಅಕ್ಕೋರು ಒಯ್ದಿರಬೇಕು. ಆಮೇಲೆ ನಾನು ಕಾನೂನು ಓದಿದೆ. ಬಹಳ ವಾದ ಗೆದ್ದೆ, ಕೆಲವು ಸೋತೆ. ಸೋತದ್ದಕ್ಕೆಲ್ಲ ಮೇಲ್ಮನವಿಯ ದಾರಿ ಕಂಡಿತು. ಅವತ್ತಿನ ಪುರಾವೆಗೆ ಮಾತ್ರ ನನ್ನ ಹತ್ತಿರ ಈಗಲೂ ಪ್ರತಿವಾದವಿಲ್ಲ. ಇದ್ದರೂ ಯಾರ ಮುಂದೆ ಹೂಡಲಿ?

ಬೇವಿನ ಮರದ ಕೆಳಗೆ ಬದುವಿನ ಜಗಳ ಹೇಳುತ್ತಿದ್ದ ಕಕ್ಷಿದಾರ ನಾಲತವಾಡದವನು. ಅವನನ್ನು ತಡೆದು ಕೇಳಿದೆ: ಹಿಂದೆ ಇಂಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದವರು, ಅಣ್ಣನ ಮನೆಗೆ ಬಂದು ಉಳಿದವರು, ಗೊತ್ತೇನು?

“ಗೊತ್ತಿಲ್ದ ಏನ್ರಿ ಮೇಡಂ, ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿದ ಮನಿ. ತೀರಿಕೊಂಡು ಬಾಳ ದಿನ ಆತ್ರಿ. ಅಣ್ಣನ ಹೇಣ್ತೀನ ಹಡದ ಮಗಳಗತೆ ನೋಡಿಕೊಂಡ್ರು.” ಶರಬತ್ತಿನ ಗ್ಲಾಸು ಕೆಳಗಿಟ್ಟು ಅವನು ಇನ್ನೂ ಏನೋ ನೆನಪಿಸಿಕೊಂಡ. “ಮಾತು ಬಾಳ ಕಮ್ಮಿರಿ ಅವರ್ದು. ಇಷ್ಟು ವರ್ಷ ಬಾಜೂಕ ಇದ್ವಿ, ಅವರು ಬಾಯಿ ಬಿಟ್ಟದ್ದ ನಾ ಕೇಳಿಲ್ರಿ.”

ಬದುವಿನ ಜಗಳ ಮತ್ತೆ ಮುಂದುವರಿಯಿತು. ನಾನು ಬರೆದುಕೊಂಡೆ.

ಸಂಜೆ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಬಾಗೇವಾಡಿ ಕಡೆಯ ಬಸ್ಸಿಗಾಗಿ ನಿಂತಿದ್ದೆ. ಹಾರ್ನು ಕೇಳಿತು, ಸುತ್ತಲಿನ ಮಂದಿಯ ಕುತ್ತಿಗೆಗಳೆದ್ದವು. ಬೋರ್ಡು ಓದಿದೆ, ನಾಲತವಾಡದಿಂದ ಬಂದ ಬಸ್ಸು. ನಾನು ಹತ್ತಬೇಕಾದ್ದಲ್ಲ. ಅದರಿಂದ ನನಗೆ ಬೇಕಾದವರು ಇಳಿಯುವುದಿಲ್ಲ ಎಂದು ಅವತ್ತು ಮಧ್ಯಾಹ್ನವಷ್ಟೇ ಖಚಿತವಾಗಿತ್ತು. ಆದರೂ ಕೊನೆಯ ಹೆಂಗಸು ಇಳಿದು, ಸೆರಗು ಸರಿಮಾಡಿಕೊಂಡು ನಡೆದುಹೋಗುವ ತನಕ ನನ್ನ ಕುತ್ತಿಗೆ ಇಳಿಯಲಿಲ್ಲ.