ಸುತ್ತಿಗೆ ಮಾವನ ಒತ್ತು

ಆ ಹೆಸರು ಇಟ್ಟದ್ದು ಅವನ ಅಕ್ಕನ ಮಗಳು, ಅವಳಿಗೆ ಮೂರು ವರ್ಷವಿದ್ದಾಗ. 'ಬಸ್ಸನ್ನ ಹೇಗೆ ಮಾಡ್ತೀಯ ಮಾವ?' ಎಂದು ಕೇಳಿದಳು. ಬಸ್ಸಿಗೆ ಮೈ ಕಟ್ಟುವ ಕಾರ್ಖಾನೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಾವ ಗಾಳಿಯಲ್ಲಿ ಕೈ ಬೀಸಿ, 'ಹೀಗೆ, ಸುತ್ತಿಗೆ ತಗೊಂಡು ಢಣ್ ಢಣ್ ಅಂತ!' ಎಂದ. ಮಗು ಕೇಕೆ ಹಾಕಿತು, ಅಕ್ಕ ನಕ್ಕಳು, ಭಾವ ಬೆನ್ನು ತಟ್ಟಿದ. ಅವತ್ತಿನಿಂದ ಅವನು ಸುತ್ತಿಗೆ ಮಾವ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಅನ್ನುತ್ತಾರೆ. ಇವನಿಗೆ ಆ ಕಷ್ಟವೂ ಬರಲಿಲ್ಲ, ಯಾಕೆಂದರೆ ಯಾರೂ ಮತ್ತೆ ಕೇಳಲೇ ಇಲ್ಲ.

ನಿಜ ಏನೆಂದರೆ, ಮೂವತ್ತೊಂದು ವರ್ಷದಲ್ಲಿ ಅವನು ಒಂದೇ ಒಂದು ರಿವೆಟ್ಟು ಬಡಿದವನಲ್ಲ. ಅವನದು ಒತ್ತು ಹಿಡಿಯುವ ಕೆಲಸ. ಅಲ್ಯುಮಿನಿಯಂ ತಗಡಿನ ಮೇಲೆ ತಗಡು ಕೂರಿಸಿ ತೂತಿನಲ್ಲಿ ರಿವೆಟ್ಟು, ಅಂದರೆ ತಲೆ ಅಗಲದ ಮೊಂಡು ಮೊಳೆ, ತೂರಿಸಿದ ಮೇಲೆ, ಬಸ್ಸಿನ ಹೊರಗೆ ನಿಂತವನು ಅದರ ತಲೆಗೆ ಬಡಿಯುತ್ತಾನೆ. ಬಸ್ಸಿನ ಒಳಗೆ ಕೂತವನು ಅಂಗೈಯಗಲದ ಕಬ್ಬಿಣದ ಗಟ್ಟಿಯೊಂದನ್ನು ಅದರ ಬಾಲಕ್ಕೆ ಒತ್ತಿ ಹಿಡಿದಿರುತ್ತಾನೆ. ಏಟು ಬಿದ್ದ ಹಾಗೆ ಬಾಲ ಚಪ್ಪಟೆಯಾಗಿ ಎರಡೂ ತಗಡು ಕಚ್ಚಿಕೊಳ್ಳುತ್ತವೆ. ಒಳಗಿನವನು ಕೂದಲೆಳೆಯಷ್ಟು ಓರೆ ಹಿಡಿದರೂ ರಿವೆಟ್ಟು ಕೆಡುತ್ತದೆ, ಆದರೆ ಬೈಗುಳ ಬೀಳುವುದು ಆಗ ಮಾತ್ರ. ಸರಿಯಾಗಿ ಹಿಡಿದ ದಿನ ಒಳಗೆ ಒಬ್ಬನಿದ್ದ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಹೊಸ ಬಸ್ಸು ಹೊರಬಿದ್ದಾಗಲೆಲ್ಲ ಕಾರ್ಖಾನೆಯವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒತ್ತು ಹಿಡಿಯುವವರು ಆ ಹೊತ್ತಿಗೆ ಒಳಗೆ ಕಸ ಗುಡಿಸುತ್ತಿರುತ್ತಿದ್ದರು. ಆ ಫೋಟೋಗಳಲ್ಲಿ ನಾಲ್ಕು ಅವನ ಪೆಟ್ಟಿಗೆಯಲ್ಲಿವೆ, ಒಂದರಲ್ಲೂ ಅವನಿಲ್ಲ.

ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಅದಕ್ಕೇ ಒಳಗಿನವನು ಗಟ್ಟಿಯಿಂದ ತಗಡಿಗೆ ತಟ್ಟಿ ಹೇಳಬೇಕು. ಒಂದು ಸಲ ತಟ್ಟಿದರೆ 'ಇನ್ನೊಂದು ಏಟು', ಎರಡು ಸಲವಾದರೆ 'ಸಾಕು', ಮೂರು ಸಲವಾದರೆ 'ಕೆಟ್ಟಿತು, ತೆಗಿ'. ಕಾರ್ಖಾನೆ ಬಿಡುವ ಹೊತ್ತಿಗೆ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತಿತ್ತು. ತಟ್ಟುವ ಅಭ್ಯಾಸ ಮಾತ್ರ ಬೆರಳಿನಲ್ಲಿ ಉಳಿದುಬಿಟ್ಟಿತು. ಮದುವೆ ಕೂಡಿಬರದ ಅವನು ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದ, ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಅಕ್ಕ ಬಡಿಸುತ್ತಿದ್ದರೆ ತಟ್ಟೆಯ ಅಂಚಿಗೆ ಎರಡು ಸಲ ತಟ್ಟುತ್ತಿದ್ದ. ಅವಳು ಸೌಟು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಅಕ್ಕ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದಳು. ಭಾವ ತೀರಿಕೊಂಡ ತಿಂಗಳೇ ಹುಟ್ಟು ಕೈಗೆ ತೆಗೆದುಕೊಂಡವಳು, ಹದಿನೈದು ವರ್ಷದಿಂದ ಶಾಲೆಯ ಮೇಷ್ಟ್ರುಗಳನ್ನೂ ಆಸ್ಪತ್ರೆಯ ನರ್ಸುಗಳನ್ನೂ ಆಚೆ ದಡಕ್ಕೆ ದಾಟಿಸುತ್ತಿದ್ದಳು. ಅರವತ್ನಾಲ್ಕು ವರ್ಷಕ್ಕೂ ತೋಳು ಕಬ್ಬಿಣ. ಭಾವನ ಕಾಲದ ಆ ಅಲ್ಯುಮಿನಿಯಂ ದೋಣಿಗೆ ಮಾತ್ರ ವಯಸ್ಸಾಗಿತ್ತು. ತಳದ ಜೋಡಣೆಯಲ್ಲಿ ರಿವೆಟ್ಟುಗಳು ಸಡಿಲಾಗಿ, ಆಚೆ ದಡ ಮುಟ್ಟುವಷ್ಟರಲ್ಲಿ ನರ್ಸುಗಳ ಚಪ್ಪಲಿ ನೆನೆಯುತ್ತಿತ್ತು. ಒಬ್ಬ ನರ್ಸು ದೋಣಿಗಳಿಗೆ ಪರವಾನಗಿ ನಂಬರು ಕೊಡುವ ಕಚೇರಿಗೆ ದೂರು ಬರೆದಳು. ಕಚೇರಿಯಿಂದ ಕಾಗದ ಬಂತು: ಶನಿವಾರ ತಪಾಸಣೆ, ದೋಣಿ ಸೋರಿದರೆ ಅದರ ನಂಬರು ರದ್ದು. ಹೊಸ ದೋಣಿಗೆ ಹೊಸ ನಂಬರು ಬೇಕು, ಅರವತ್ತು ದಾಟಿದವರಿಗೆ ಹೊಸ ನಂಬರು ಕೊಡುವುದಿಲ್ಲ. ಅಂದರೆ ಈ ದೋಣಿ ಉಳಿದರೆ ಅಕ್ಕ ಹೊಳೆಯ ಮೇಲೆ, ಇಲ್ಲದಿದ್ದರೆ ಜಗಲಿಯ ಮೇಲೆ.

ವೆಲ್ಡಿಂಗ್ ಅಂಗಡಿಯವನು ಬಂದು ತಗಡನ್ನು ಉಗುರಿನಿಂದ ಬಡಿದು ನೋಡಿದ. 'ತೆಳ್ಳಗಾಗಿದೆ ಅಮ್ಮ, ಬೆಂಕಿ ಮುಟ್ಟಿಸಿದ್ರೆ ತೂತು ಬೀಳುತ್ತೆ. ರಿವೆಟ್ಟೇ ಹಾಕಿಸ್ಬೇಕು,' ಎಂದ. ಹೋಗುವಾಗ ತಿರುಗಿ, 'ಮನೇಲೇ ಸುತ್ತಿಗೆ ಮಾವ ಇದಾರಲ್ಲ, ಇನ್ನೇನು ಯೋಚನೆ!' ಎಂದ.

ಸುತ್ತಿಗೆ ಮಾವ ಅವತ್ತು ಮೊದಲ ಸೌಟಿಗೇ ತಟ್ಟೆಯ ಅಂಚಿಗೆ ಎರಡು ಸಲ ತಟ್ಟಿದ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಅಕ್ಕನ ದೋಣಿ. ದೋಣಿ ಹತ್ತಿದವರಿಗೆಲ್ಲ ಅಕ್ಕ ದಡದ ಮೇಲೆ ಹೋಗುವ ಬಸ್ಸು ತೋರಿಸಿ, 'ನನ್ನ ತಮ್ಮ ಬಡಿದದ್ದು' ಎಂದು ಹೇಳುತ್ತಿದ್ದುದು ಅವನಿಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ಅವಳ ಮಾತು ಸುಳ್ಳಾಗಬೇಕೇ? ಮೂವತ್ತೊಂದು ವರ್ಷ ಬಡಿಯುವವನ ಎದುರಿಗೆ ಕೂತಿದ್ದೇನೆ, ನೋಡಿಯಾದರೂ ಕಲಿತಿರಬೇಕಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ಅವನು ಕೂತದ್ದು ತಗಡಿನ ಆಚೆಗೆ, ಕಂಡದ್ದು ರಿವೆಟ್ಟಿನ ಬಾಲ ಮಾತ್ರ ಎಂಬುದನ್ನು ಆ ಹೊತ್ತಿನಲ್ಲಿ ಮರೆತದ್ದು ಮನುಷ್ಯ ಸಹಜವೇ.

ಸೋಮವಾರ ದೋಣಿಯನ್ನು ಮನೆಯ ಹಿಂದಿನ ಶೆಡ್ಡಿಗೆ ಎಳೆದು, ನಾಲ್ಕು ಡ್ರಮ್ಮುಗಳ ಮೇಲೆ ಬೋರಲು ಹಾಕಿದರು. ಎಂಬತ್ನಾಲ್ಕು ರಿವೆಟ್ಟು ಸಡಿಲ. ಅವನು ಡ್ರಿಲ್ ಹಿಡಿದು ಹಳೆಯವನ್ನೆಲ್ಲ ತೆಗೆದು, ತಗಡಿನ ಸಂದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಕಪ್ಪು ಅಂಟು ತುಂಬಿದ. ಇಷ್ಟರ ತನಕ ಕೈ ಚೆನ್ನಾಗಿಯೇ ಓಡಿತು. ಆಮೇಲೆ ಅಕ್ಕ ಗಟ್ಟಿ ಹಿಡಿದು ದೋಣಿಯ ಕೆಳಗೆ ನುಸುಳಿದಳು, ಅವನು ಮೇಲೆ ಸುತ್ತಿಗೆ ಎತ್ತಿದ. ಮೊದಲನೇ ಏಟು ಜಾರಿ ತಗಡಿಗೆ ಬಿತ್ತು.

'ಸಾಕಾ ನೋಡಕ್ಕ?' ಎಂದು ಕೂಗಿದ.

'ಅದು ನಂಗೇನೋ ಗೊತ್ತು? ಬಡಿಯೋನು ನೀನು,' ಎಂದು ಕೆಳಗಿನಿಂದ ದನಿ ಬಂತು.

ಎರಡು ದಿನ ಬಡಿದ. ಬುಧವಾರ ಬೆಳಿಗ್ಗೆ ದೋಣಿಯನ್ನು ನೆಟ್ಟಗೆ ಮಾಡಿ ಬೆಂಚುಗಳ ಮೇಲಿಟ್ಟು, ಒಳಗೆ ಮೊಣಕಾಲುದ್ದ ನೀರು ತುಂಬಿದರು. ತಳದಲ್ಲಿ ಹನಿ ಒಸರಿದ ಕಡೆಯಲ್ಲೆಲ್ಲ ಅಕ್ಕ ಬಣ್ಣದ ಮೇಣದ ಕಡ್ಡಿಯಿಂದ ಗುರುತು ಹಾಕುತ್ತ ಬಂದಳು. ಐವತ್ತೆರಡು ಗುರುತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ಅವನು ಸುತ್ತಿಗೆಯ ಹಿಡಿ ಸರಿಯಿಲ್ಲ ಎಂದ, ಅಂಟು ಹಳೆಯದು ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಕ್ಕ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಅವನು ತಲೆ ತಗ್ಗಿಸಿ ನಿಂತಿದ್ದ. ಬೆರಳು ತಾನಾಗಿಯೇ ದೋಣಿಯ ಪಕ್ಕೆಗೆ ತಟ್ಟಿತು, ಮೂರು ಸಲ.

'ಕೆಟ್ಟಿತು, ತೆಗಿ,' ಎಂದಳು ಅಕ್ಕ.

ಅವನು ಬೆಚ್ಚಿ ನೋಡಿದ. ಬಲಗಿವಿಗೆ ಸರಿಯಾಗಿಯೇ ಕೇಳಿಸಿತ್ತು.

'ಮೂರು ಸಲಕ್ಕೆ ಹಾಗೇ ತಾನೆ ಅರ್ಥ? ನಿಮ್ಮ ಕಾರ್ಖಾನೆ ಮೇಸ್ತ್ರಿ ಒಂದಿನ ದೋಣಿ ಹತ್ತಿದ್ರು. ನನ್ನ ತಮ್ಮ ಊಟಕ್ಕೆ ಕೂತ್ರೆ ತಟ್ಟೆ ತಟ್ಟಿ ಸಾಕು ಅಂತಾನೆ, ಇದೆಂಥ ಅಭ್ಯಾಸ ಅಂದೆ. ಅವರು ನಕ್ಕುಬಿಟ್ರು. ತಟ್ಟೋದು ಒಳಗೆ ಒತ್ತು ಹಿಡಿಯೋನಮ್ಮ, ಬಡಿಯೋನು ಯಾಕೆ ತಟ್ತಾನೆ, ಬಡಿಯೋನ ಕೆಲಸ ಕೇಳಿಸ್ಕೊಳ್ಳೋದು ಅಷ್ಟೇ, ಅಂದ್ರು. ಒಂದು, ಎರಡು, ಮೂರು ಸಲಕ್ಕೆ ಏನೇನರ್ಥ ಅಂತಾನೂ ಹೇಳಿದ್ರು.'

'ಯಾವಾಗ ಇದು?'

'ಹನ್ನೆರಡು ವರ್ಷ ಆಯ್ತು.'

'ಗೊತ್ತಿದ್ದೂ ಎಲ್ಲರ ಹತ್ರ ನನ್ನ ತಮ್ಮ ಬಡಿದದ್ದು ಅಂತಿದ್ದೆಯಲ್ಲ?'

'ನೀನಾಗೇ ಬಾಯಿ ಬಿಡೋ ತನಕ ನಾನು ಯಾಕೆ ಬಿಡ್ಲಿ? ಅದಕ್ಕೆ ನಂಗೆ ಕೋಪ ಇಲ್ಲ.' ಅಷ್ಟರಲ್ಲಿ ಅವಳ ದನಿ ಏರಿತ್ತು. 'ದೋಣಿ ವಿಷಯಕ್ಕೂ ಹೇಳ್ಲಿಲ್ವಲ್ಲ, ಅದಕ್ಕೆ ಕೋಪ! ಸುತ್ತಿಗೆ ತಗೊಂಡೆಯಲ್ಲ, ಇವನು ಬಡಿಯೋದೂ ಕಲಿತಿರ್ಬೇಕು ಅಂದ್ಕೊಂಡೆ. ನನ್ನ ದೋಣಿ ಕಣೋ ಇದು. ನಿನ್ನ ಮಾನಕ್ಕಿಂತ ಇದು ಕಮ್ಮಿ ಆಯ್ತಾ ನಿಂಗೆ?'

ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಅರವತ್ತೊಂದನೇ ವಯಸ್ಸಿನಲ್ಲಿ ಅಕ್ಕನ ಮುಂದೆ ಅಂಗಿ ತೋಳಿನಲ್ಲಿ ಮೂಗು ಒರೆಸಿಕೊಂಡ. 'ಬಡಿಯೋಕೆ ಬರಲ್ಲ ಅಕ್ಕ ನಂಗೆ. ಹಿಡಿಯೋಕೆ ಬರುತ್ತೆ,' ಎಂದ. ಇಷ್ಟು ವರ್ಷ ನುಂಗಲಾರದೆ ಉಗುಳಲಾರದೆ ಇಟ್ಟುಕೊಂಡಿದ್ದ ಬಿಸಿ ತುಪ್ಪ ಎರಡು ಸಣ್ಣ ವಾಕ್ಯದಲ್ಲಿ ಹೊರಗೆ ಬಂತು.

'ಹಾಗಾದ್ರೆ ಹಿಡಿ,' ಎಂದು ಅಕ್ಕ ಎದ್ದು ಸುತ್ತಿಗೆ ತೆಗೆದುಕೊಂಡಳು.

ಇನ್ನು ಒಂದೇ ಅವಕಾಶ. ಐವತ್ತೆರಡನ್ನೂ ಮತ್ತೆ ಕೊರೆದು ಒಂದು ಅಳತೆ ಹೆಚ್ಚು ದಪ್ಪದ ರಿವೆಟ್ಟು ಹಾಕಬೇಕು. ಅದೂ ಕೆಟ್ಟರೆ ತೂತುಗಳನ್ನು ಮತ್ತೆ ದೊಡ್ಡದು ಮಾಡುವ ಹಾಗಿಲ್ಲ, ತಗಡಿಗೆ ತಡೆಯುವ ಶಕ್ತಿಯಿಲ್ಲ. ನೀರು ಚೆಲ್ಲಿ, ದೋಣಿಯನ್ನು ಮತ್ತೆ ಡ್ರಮ್ಮುಗಳ ಮೇಲೆ ಬೋರಲು ಹಾಕಿದರು. ಅವನು ದೋಣಿಯ ಕೆಳಗೆ ಹಲಗೆ ಹಾಕಿಕೊಂಡು ಅಂಗಾತ ಮಲಗಿದ. ಅಲ್ಲಿ ಸೆಕೆ, ಕತ್ತಲೆ, ಅಂಟಿನ ವಾಸನೆ. ಗಟ್ಟಿ ಕೈಗೆ ಬಂದದ್ದೇ ಮೈ ಹಗುರವಾಯಿತು. ಅಕ್ಕನ ಮೊದಲ ಏಟು ಮೆಲ್ಲಗೆ ಬಿತ್ತು. ಅವನು ಒಂದು ಸಲ ತಟ್ಟಿದ. ಎರಡನೆಯದು ಜೋರಾಗಿ ಬಂತು. ಒಂದು ಸಲ ತಟ್ಟಿದ. ಬಾಲ ಅಗಲವಾಗಿ ಗಟ್ಟಿಗೆ ಮೆತ್ತಗೆ ಕೂತದ್ದು ಮಣಿಕಟ್ಟಿಗೆ ತಿಳಿಯಿತು. ಎರಡು ಸಲ ತಟ್ಟಿದ.

ಅಕ್ಕ ಹುಟ್ಟು ಹಾಕುವ ಲೆಕ್ಕದಲ್ಲೇ ಬಡಿಯುತ್ತಿದ್ದಳು, ಅವಸರವಿಲ್ಲ, ಒಂದೊಂದು ಏಟೂ ಒಂದೇ ತೂಕ. ಕಾರ್ಖಾನೆಯ ಯಾವ ಬಡಿಯುವವನೂ ಅವನ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಅವರಿಗೆ ಲೆಕ್ಕ ತುಂಬಿದರೆ ಸಾಕಿತ್ತು. ಮೂರು ರಿವೆಟ್ಟು ಮಾತ್ರ ಓರೆ ಹೋದವು, ಅವನು ಮೂರು ಸಲ ತಟ್ಟಿ ನಿಲ್ಲಿಸಿದ. ತೂತು ಹಿಗ್ಗುವ ಮೊದಲೇ ಆ ಮೂರನ್ನೂ ತೆಗೆದು ಬೇರೆ ಹಾಕಿದರು. ಮೊದಲ ಸಲ ಸೋರದಿದ್ದ ಮೂವತ್ತೆರಡನ್ನೂ ಅವನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ, ಹನ್ನೊಂದನ್ನು ಬದಲಾಯಿಸಿದ. ಶುಕ್ರವಾರ ಸಂಜೆ ಮತ್ತೆ ನೀರು ತುಂಬಿದರು. ಅಕ್ಕ ಮೇಣದ ಕಡ್ಡಿ ಹಿಡಿದು ಒಂದು ಗಂಟೆ ಕಾದಳು. ಗುರುತು ಹಾಕಲು ಏನೂ ಸಿಗಲಿಲ್ಲ.

ಶನಿವಾರ ತಪಾಸಣೆಯ ಸಾಹೇಬರು ಬಂದರು. ಮಾತು ಕಮ್ಮಿ, ಅನುಮಾನ ಜಾಸ್ತಿ. ದೋಣಿಯಲ್ಲಿ ಎಂಟು ಮರಳಿನ ಚೀಲ ಹೊರಿಸಿ, ನಡುವೆ ತಳದ ಮೇಲೆ ಒಂದು ನ್ಯೂಸ್ ಪೇಪರ್ ಹಾಳೆ ಹಾಸಿ, ಅಕ್ಕನನ್ನು ಎರಡು ಸಲ ಹೊಳೆ ದಾಟಿ ಬರಲು ಹೇಳಿದರು. ದಡದಲ್ಲಿ ನಿಂತ ಸುತ್ತಿಗೆ ಮಾವನಿಗೆ ಆ ಅರ್ಧ ಗಂಟೆ ಮೂವತ್ತೊಂದು ವರ್ಷಕ್ಕಿಂತ ಉದ್ದವಾಗಿತ್ತು. ದೋಣಿ ತಿರುಗಿ ಬಂತು. ಸಾಹೇಬರು ಹಾಳೆ ಎತ್ತಿ, ಮಡಿಸಿ, ಮತ್ತೆ ಬಿಡಿಸಿ ಅಲ್ಲಾಡಿಸಿದರು. ಪರಪರ ಎಂದಿತು. ಒಂದು ಅಕ್ಷರವೂ ಒದ್ದೆಯಾಗಿರಲಿಲ್ಲ.

'ಒಳ್ಳೆ ಕೈ. ಯಾರು ಮಾಡಿದ್ದು?' ಎಂದು ಫಾರ್ಮು ತೆಗೆದರು.

ಅಕ್ಕ ಅಭ್ಯಾಸಬಲದಿಂದ, 'ನನ್ನ ತಮ್ಮ ಬಡಿ...' ಎನ್ನುವಷ್ಟರಲ್ಲಿ ಅವನು ಅಡ್ಡ ಬಂದ. ಕಿವುಡರ ದೊಡ್ಡ ದನಿ, ದಡದ ಮೇಲಿದ್ದ ನರ್ಸುಗಳಿಗೂ ಮೇಷ್ಟ್ರುಗಳಿಗೂ ಕೇಳಿಸಿತು.

'ಬಡಿದೋಳು ನಮ್ಮಕ್ಕ, ಸಾರ್. ನಾನು ಬಡಿಯೋನಲ್ಲ. ಕಾರ್ಖಾನೆಲೂ ಬಡೀತಿರ್ಲಿಲ್ಲ. ಒಳಗೆ ಕೂತು ಒತ್ತು ಹಿಡೀತಿದ್ದೆ.'

ಸಾಹೇಬರಿಗೆ ಅರ್ಧ ಅರ್ಥವಾಯಿತು. 'ರಿಪೇರಿ ಮಾಡಿದವರು ಅಂತ ಒಂದೇ ಗೆರೆ ಇದೆ. ಒಂದೇ ಹೆಸರು ಹಿಡಿಯೋದು. ಯಾರದು ಬರೀಲಿ?'

'ಅವನದೇ ಬರ್ಕೊಳ್ಳಿ,' ಎಂದಳು ಅಕ್ಕ ದೋಣಿಯಲ್ಲಿ ಕೂತೇ. 'ನಾನು ಬಡಿದದ್ದು ಬೀದಿಗೆಲ್ಲ ಕೇಳಿಸಿದೆ. ಅವನು ಒಳಗಿದ್ದದ್ದು ಯಾರಿಗೂ ಕಂಡಿಲ್ಲ.'

ಸಾಹೇಬರು ಪೆನ್ನು ಹಿಡಿದು ಅವನ ಮುಖ ನೋಡಿದರು. ಅವನು ಬಗ್ಗಿ ದೋಣಿಯ ಅಂಚಿಗೆ ಎರಡು ಸಲ ತಟ್ಟಿದ.

'ಸಾಕು ಅಂತಾನೆ. ಸಾಕಾಗಲ್ಲ,' ಎಂದಳು ಅಕ್ಕ. 'ಅಪ್ಪ ಇಟ್ಟ ಪೂರ್ತಿ ಹೆಸರು ನಾನು ಹೇಳ್ತೀನಿ, ಬರ್ಕೊಳ್ಳಿ ಸಾರ್.'