ಡಬ್ಬಿ ಮಾವ ಬರಿಸಿದ ಮಳೆ

ಮಣ್ಣಿನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕರಾಗಿದ್ದ ಅವರನ್ನು ಎಲ್ಲರೂ ಡಬ್ಬಿ ಮಾವ ಎಂದೇ ಕರೆಯುತ್ತಿದ್ದರು. ಸಾವಿರಾರು ವರ್ಷ ಗಾಳಿ ಹೊತ್ತು ತಂದು ಗುಡ್ಡದಂತೆ ಪೇರಿಸಿದ ಧೂಳನ್ನು ಪ್ರಯೋಗಾಲಯದವರು ಪದರ ಪದರವಾಗಿ ಕೆರೆದು ತರುತ್ತಿದ್ದರು. ಅದನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಯಂತ್ರದಲ್ಲಿಡುವುದು ಮಾವನ ಕೆಲಸ. ಆ ಧೂಳು ಅಯಸ್ಕಾಂತದ ಮಾತು ಎಷ್ಟು ಕೇಳುತ್ತದೆಂದು ಯಂತ್ರ ಅಂಕಿಯಲ್ಲಿ ಹೇಳುತ್ತಿತ್ತು. ಅಂಕಿ ಏರಿದರೆ ಆ ಕಾಲದಲ್ಲಿ ಒಳ್ಳೆಯ ಮಳೆಯಾಗಿ ಮಣ್ಣು ಹದಗೊಂಡಿತ್ತು ಎಂದರ್ಥ. ಇಳಿದರೆ ಚಳಿ, ಒಣಗಾಳಿ.

ಆ ಸೋಮವಾರ ಮೊದಲಿಗೇ ಇಟ್ಟ ಅರವತ್ತೊಂದನೇ ಡಬ್ಬಿಗೆ ಏರಿದ ಅಂಕಿ ಮತ್ತೆ ಇಳಿಯಲೇ ಇಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕುರ್ಚಿಯಲ್ಲಿ ಕೂರಲಾರದೆ ಓಡಾಡಿದರು. "ಮಾವ, ಇಷ್ಟು ದೊಡ್ಡ ಮಳೆಗಾಲ ಯಾರಿಗೂ ಸಿಕ್ಕಿಲ್ಲ. ಎರಡು ಸಾವಿರ ವರ್ಷ ಸುರಿದಿದೆ."

"ಸುರೀಲಿ ಬಿಡಿ ಮೇಡಂ," ಎಂದರು ಮಾವ, ತಾವೇ ಮೋಡ ಕರೆತಂದವರ ಗತ್ತಿನಲ್ಲಿ.

ಬುಧವಾರ ಖಾಲಿ ಡಬ್ಬಿ ಇಟ್ಟರೂ ಯಂತ್ರ ಮಳೆ ಎಂದಿತು. ಮೇಡಂ ಮುಖ ಸಪ್ಪಗಾಯಿತು. "ಹತ್ತಿರ ಎಲ್ಲೋ ಕಬ್ಬಿಣ ಇದೆ. ನಿಮ್ಮ ಹತ್ರ ಏನಾದ್ರೂ ಇದೆಯಾ?"

ಮಾವ ಕೀಲಿಕೈ, ಗಡಿಯಾರ, ಕೊನೆಗೆ ಕನ್ನಡಕವನ್ನೂ ತೆಗೆದಿಟ್ಟರು. ಅಂಕಿ ಜಗ್ಗಲಿಲ್ಲ. ಅವರ ಕಿವಿ ಮಾತ್ರ ಕೆಂಪಾಯಿತು. ಸೋಮವಾರ ಬೆಳಿಗ್ಗೆ ಪ್ಯಾಂಟಿನ ಗುಂಡಿ ಕಿತ್ತು ಹಾರಿದಾಗ ಹೆಂಡತಿ ಎರಡು ದಪ್ಪ ಪಿನ್ನು ಚುಚ್ಚಿ, "ಸಂಜೆ ಹೊಲಿದು ಕೊಡ್ತೀನಿ ರೀ, ಅಲ್ಲೀವರೆಗೆ ಉಸಿರು ಬಿಗಿ ಹಿಡ್ಕೊಂಡಿರಿ," ಎಂದಿದ್ದರು. ಸಂಜೆ ಇಬ್ಬರಿಗೂ ಮರೆತು, ಮೂರು ದಿನದಿಂದ ಅದೇ ಪ್ಯಾಂಟು ಅದೇ ಪಿನ್ನಿನ ಮೇಲೆ ನಿಂತಿತ್ತು. ಡಬ್ಬಿ ಇಡಲು ಮಾವ ಬಾಗಿದಾಗಲೆಲ್ಲ ಹೊಟ್ಟೆ ನೇರ ಯಂತ್ರಕ್ಕೆ ಒರಗುತ್ತಿತ್ತು.

"ಇನ್ನೇನೂ ಇಲ್ವಾ ಮಾವ?"

"ಇದೆ ಮೇಡಂ. ತೆಗೆದ್ರೆ ಮರ್ಯಾದೆ ಉಳಿಯಲ್ಲ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದೊಡನೆ ಮೇಡಂ ಗೋಡೆ ಕಡೆ ತಿರುಗಿ ನಿಂತರು. ಮಾವ ಪಿನ್ನು ಕಿತ್ತು ದೂರವಿಟ್ಟು, ಎಡಗೈಯಲ್ಲಿ ಪ್ಯಾಂಟು ಹಿಡಿದು, ಬಲಗೈಯಲ್ಲಿ ಅರವತ್ತೊಂದನೇ ಡಬ್ಬಿ ಇಟ್ಟರು. ಎರಡು ಸಾವಿರ ವರ್ಷದ ಮಳೆ ಗಕ್ಕನೆ ನಿಂತಿತು.

"ಬರೀ ಒಣಗಾಳಿ ಮೇಡಂ," ಎಂದರು, ಸಾವಿನ ಸುದ್ದಿ ಹೇಳುವವರಂತೆ.

ಮೇಡಂ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದುಕೊಂಡರು ಮಾವ. ಮೇಡಂ ತಿರುಗಿದಾಗ ನೋಡಿದರೆ, ನಕ್ಕು ನಕ್ಕು ಕಣ್ಣಲ್ಲಿ ನೀರು. "ಇಂಥ ಮಳೆ ಸಿಕ್ಕಿದೆ ಅಂತ ವಿಜ್ಞಾನಿಗಳ ದೊಡ್ಡ ಸಭೆಗೆ ಪತ್ರ ಬರೆದಾಗಿದೆ ಮಾವ. ಈಗ ಏನಂತ ಹೇಳ್ಲಿ?"

"ಎಲ್ಲಾ ನನ್ನ ಹೊಟ್ಟೆ ಮೇಲೆ ಹಾಕಿ ಮೇಡಂ."

ಮರುದಿನ ಮಾವ ಲಾಡಿ ಪೈಜಾಮದಲ್ಲಿ ಬಂದರು. "ಮೈಗೆ ಹುಷಾರಿಲ್ವಾ?" ಎಂದ ಗೇಟಿನ ಕಾವಲುಗಾರನಿಗೆ, "ಹವಾಮಾನ ಬದಲಾಗಿದೆ ಕಣಯ್ಯ," ಎಂದು ಒಳನಡೆದು, ಅಂಕಿ ಕೆಟ್ಟಿದ್ದ ಡಬ್ಬಿಗಳನ್ನೆಲ್ಲ ಮತ್ತೆ ಅಳೆದರು. ಎಂಬತ್ತೆಂಟನೇ ಡಬ್ಬಿಗೆ ಅಂಕಿ ತುಸು ಏರಿತು. ಮೇಡಂ ನಂಬದೆ ಮೂರು ಸಲ ಅಳೆಸಿದರು; ಮೂರು ಸಲವೂ ಅಷ್ಟೇ ಬಂತು. ಸಣ್ಣ ಮಳೆ, ಆದರೆ ನಿಜವಾದದ್ದು.