ಎರಡು ಗೀಟಿನ ಮದುವೆ

ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದಾಗ, ತಳಿವಿಜ್ಞಾನದ ತರಗತಿಯಲ್ಲಿ ಒಂದು ದಿನ ನಮ್ಮ ನಮ್ಮ ಮನೆತನದ ವಂಶವೃಕ್ಷ ಬರೆಯಲು ಹೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಮದುವೆಗೆ ನಡುವೆ ಒಂದು ಗೀಟು. ಬರೆಯುತ್ತ ಹೋದಂತೆ ನನ್ನದು ಬೆಕ್ಕು ಆಡಿದ ನೂಲಿನುಂಡೆಯಾಯಿತು. ನಮ್ಮಪ್ಪ ನಮ್ಮವ್ವನ ಸೋದರಮಾವ. ಅವ್ವನ ಅವ್ವ ನನಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಪಾಪ, ಒಬ್ಬಳನ್ನೇ ಎರಡು ಕಡೆ ಕೂರಿಸಿದ್ದೆ.

ಸರ್ ನೋಡಿ ನಕ್ಕರು. "ರಕ್ತಸಂಬಂಧದಾಗ ಮದುವಿ ಆಗಿದ್ರ ಎರಡು ಗೀಟು ಹಾಕ್ಬೇಕಮ್ಮಾ."

ಸುತ್ತ ನೋಡಿದರೆ ಸೇಡಂ, ಚಿಂಚೋಳಿ ಕಡೆಯಿಂದ ಬಂದ ನಾವೆಲ್ಲ ಒಂದೇ ಗೀಟು ಎಳೆದಿದ್ದೆವು. ನಮ್ಮ ಲೆಕ್ಕದಲ್ಲಿ ಅದು ಬರೀ ಮದುವೆ, ಅದಕ್ಕೆ ಬೇರೆ ಗುರುತು ಇರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಸರ್ ಆ ಎರಡನೆಯ ಗೀಟಿನ ಅರ್ಥ ಹೇಳಿದರು. ಅಡಗಿಕೊಂಡ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇದ್ದು, ಎರಡೂ ಕಡೆಯಿಂದ ಕೂಸಿಗೆ ಬಂದರೆ ಹೊರಬೀಳುತ್ತದೆ. ಒಂದೇ ರಕ್ತದವರಲ್ಲಿ ಹಾಗಾಗುವ ಸಂಭವ ಹೆಚ್ಚು. ಹುಟ್ಟು ಕಿವುಡಿಗೆ ಅದೂ ಒಂದು ಕಾರಣ.

ನನ್ನ ತಮ್ಮ ಹುಟ್ಟು ಕಿವುಡ. ಶಹಾಬಾದದ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದ. ಮಶೀನು ಶುರುವಾದರೆ ಉಳಿದವರು ಕಿವಿಗೆ ಅರಿವೆ ತುರುಕಿಕೊಳ್ಳುತ್ತಾರೆ, ನನಗೆ ಆ ಖರ್ಚಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿ ನಗಿಸುತ್ತಿದ್ದ. ಅವ್ವ ಮಾತ್ರ ನಗುತ್ತಿರಲಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ಬಸುರಿ ಸೂಜಿ ಹಿಡಿಯಬಾರದೆಂಬುದನ್ನು ಅವ್ವ ಮರೆತು ಒಂದು ಕುಬಸಕ್ಕೆ ಗುಂಡಿ ಹಚ್ಚಿದ್ದಳಂತೆ. ಕೂಸಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದಾಗ ಓಣಿಯ ಹಿರಿಯಳೊಬ್ಬಳು, "ಅವತ್ತ ನೀ ಹೊಲದದ್ದು ಕುಬಸ ಅಲ್ಲ, ಕೂಸಿನ ಕಿವಿ" ಎಂದುಬಿಟ್ಟಳು. ಆ ಮಾತು ಆಡಿದವಳು ಮರೆತಳು, ಅವ್ವನ ಎದೆಯಲ್ಲಿ ಅದು ಮುರಿದ ಮುಳ್ಳಿನಂತೆ ಉಳಿಯಿತು. ಆಮೇಲೆ ಅವಳು ಸೂಜಿ ಮುಟ್ಟಲಿಲ್ಲ. ನನ್ನ ಹರಿದ ಲಂಗ ಹೊಲಿಯುತ್ತಿದ್ದವನು ಅಪ್ಪ.

ಹಾಗಾಗಿ ಆ ವಾರದ ಶನಿವಾರ ಊರಿಗೆ ಹೊರಟಾಗ ನನ್ನ ಖುಷಿ ಹೇಳತೀರದು. ವಾಡಿಯಲ್ಲಿ ಗಾಡಿ ನಿಂತಷ್ಟು ಹೊತ್ತೂ ಚಡಪಡಿಸಿದೆ. ವಿಜ್ಞಾನ ಓದಿದ್ದು ಇದೊಂದಕ್ಕಾದರೂ ಸಾರ್ಥಕ, ಇನ್ನು ಅವ್ವ ತನ್ನನ್ನು ತಾನು ಬೈದುಕೊಳ್ಳುವುದು ನಿಲ್ಲುತ್ತದೆ ಎಂದುಕೊಂಡೆ. ಸೇಡಂನಲ್ಲಿ ಇಳಿದು ಮನೆ ಮುಟ್ಟಿದಾಗ ಅವ್ವ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಚೀಲ ಇಳಿಸುವ ಮೊದಲೇ ಶುರು ಮಾಡಿದೆ.

"ಅವ್ವಾ, ನಿನ್ನ ಸೂಜಿದು ಏನೂ ತಪ್ಪಿಲ್ಲ. ಗ್ರಹಣಕ್ಕೂ ತಮ್ಮನ ಕಿವಿಗೂ ಸಂಬಂಧಾನೇ ಇಲ್ಲ."

"ಮತ್ಯಾಕ ಹಿಂಗಾತು?"

"ನೀನೂ ಅಪ್ಪನೂ ಒಂದೇ ಮನಿ ರಕ್ತ. ಇಬ್ಬರ ಕಡಿಂದ್ಲೂ ಬಂದದ್ದು ಅಂವನಾಗ ಕೂಡಿರಬೇಕು."

ಅವ್ವನ ಕೈ ನಿಂತಿತು. ಮುಖ ಹಗುರಾಗುತ್ತದೆಂದು ಕಾದೆ. ಹಗುರಾಗಲಿಲ್ಲ.

"ಪರರ ಮನಿಗಿ ಕೊಟ್ರ ಮಗಳಿಗಿ ತ್ರಾಸ ಆಗ್ತದಂತ ನಮ್ಮವ್ವ ತನ್ನ ತಮ್ಮಗ ಕೊಟ್ಳು. ಭಾಳ ಜೀವ ಇಟ್ಟು ಕೊಟ್ಳು," ಎಂದಳು. ಕೈಯಲ್ಲಿದ್ದ ಕಡ್ಡಿ ಬದಿಗಿಟ್ಟು ಮತ್ತೆ ಹೇಳಿದಳು: "ಸೂಜಿ ಹಿಡದಾಕಿ ನಾ ಒಬ್ಬಾಕಿ. ಒಬ್ಬಾಕೇ ಅತ್ತೀನಿ. ನೀ ಹೇಳಿದ್ದು ಖರೇ ಇದ್ರ ಸತ್ತ ನಮ್ಮವ್ವಂದೂ ತಪ್ಪು, ನಿಮ್ಮಪ್ಪಂದೂ ತಪ್ಪು. ಅವರ ಮ್ಯಾಲ ಹ್ಯಾಂಗ ಹಾಕ್ಲಿ?"

ಇದು ಯಾರ ತಪ್ಪೂ ಅಲ್ಲವೆಂದು ಪುಸ್ತಕವೇನೋ ಹೇಳುತ್ತದೆ. ಇದ್ದ ದುಃಖ ತೆಗೆಯಲು ಹೋಗಿ ಅದರ ಮೇಲೆ ಇನ್ನೊಂದು ಹೇರಿದ್ದೆ, ಅಷ್ಟೇ.

ಅಷ್ಟರಲ್ಲಿ ಅಪ್ಪ ಹೊರಗಿನಿಂದ ಬಂದ. ಕಾಲು ತೊಳೆದುಕೊಳ್ಳುತ್ತಲೇ, "ಯಾವಾಗ ಬಂದೆವ್ವಾ? ಏನು ಕಲಿಸಾಕತ್ತಾರ?" ಎಂದು ನನ್ನನ್ನು ಕೇಳಿದ.

ನಾನು ಅವ್ವನ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಂಡು, ನನಗಿಂತ ಮೊದಲು ತಾನೇ ಉತ್ತರ ಕೊಟ್ಟಳು.

"ಏನಿಲ್ಲ ಮಾಮಾ. ಪರೀಕ್ಷಾ ಬಂದಾವಂತ."

ಗಂಡನನ್ನು ಅವಳು ಮೊದಲಿನಿಂದಲೂ ಕರೆಯುತ್ತಿದ್ದದ್ದು ಹಾಗೆಯೇ.